ನಾಯಕರ ಬಿರುದು, ಒನಕೆಯ ಹೆಸರು

1939ರ ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರ ಕಡಿದ ಊರೆಂದು ನಮ್ಮ ತುರುವನೂರಿನ ಹೆಸರನ್ನು ನೀವು ಕೇಳಿರಬಹುದು. ನಾನು ಸೊಸೆಯಾಗಿ ಬಂದದ್ದು ಈ ಊರಿಗೆ. ಬಂದ ದಿನವೇ ನನ್ನ ಹೆಸರು ಮೂಲೆಗೆ ಸರಿದು 'ಶಾನುಭೋಗರ ಮನೆ ಸೊಸೆ'ಯಾದೆ! ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು 1961ರ ಕಾಯಿದೆಯೇ ತೆಗೆದುಹಾಕಿತು. ಲೆಕ್ಕದ ಕಡತ ಹೋಯಿತು, ಮನೆತನದ ಹೆಸರು ಮಾತ್ರ ಜನರ ಬಾಯಿಂದ ಹೋಗಲಿಲ್ಲ ನೋಡಿ.

ವಂಶಕ್ಕೆ ಅಂಟಿದ ಬಿರುದಿನ ದೊಡ್ಡ ಕಥೆ ಬೇಕೆಂದರೆ ಇಲ್ಲಿಂದ ಬಸ್ಸು ಹತ್ತಿ, ದುರ್ಗದ ಕೋಟೆಗೆ ಹೋಗಬೇಕು. 1568ರಲ್ಲಿ ವಿಜಯನಗರದವರಿಂದ ದುರ್ಗದ ನಾಯಕತನ ಪಡೆದವನು ತಿಮ್ಮಣ್ಣ ನಾಯಕ. ಮದಿಸಿದ ಆನೆಯನ್ನು ಪಳಗಿಸಿದ್ದಕ್ಕೆ 'ಮದಕರಿ' ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಅವನ ಮಗ ಓಬಣ್ಣ ಆ ಹೆಸರಿನಿಂದಲೇ ಆಳಿದ. ಆಮೇಲೆ ಮೊಮ್ಮಕ್ಕಳು, ಮರಿಮಕ್ಕಳಲ್ಲೂ ಮದಕರಿಗಳೇ! ದುರ್ಗದಲ್ಲಿ ಯಾರಾದರೂ ಕಥೆ ಶುರುಮಾಡಿದರೆ 'ಯಾವ ಮದಕರಿ?' ಎಂದು ಮೊದಲು ಕೇಳಿಕೊಳ್ಳಿ.

ವಂಶದ ಬಿರುದೆಂದರೆ ಇಂಗ್ಲಿಷರದೇ ಎನ್ನುವವರುಂಟು. ಅಲ್ಲಿ 1611ರಲ್ಲಿ ಜೇಮ್ಸ್ ದೊರೆ 'ಬ್ಯಾರೊನೆಟ್' ಎಂಬ ಬಿರುದನ್ನು 1,095 ಪೌಂಡಿಗೆ ಮಾರಿದ! 30 ಸಿಪಾಯಿಗಳ ಮೂರು ವರ್ಷದ ಖರ್ಚಂತೆ ಅದು. ಅಪ್ಪನ ನಂತರ ಹಿರಿಯ ಮಗನಿಗೆ. ವಾರಸುದಾರ ಗಂಡಸಿಲ್ಲದಿದ್ದರೆ ಬಿರುದೇ ಮುಗಿಯಿತು. ಹೆಂಡತಿ 'ಲೇಡಿ'. ನಮ್ಮ ನಾಯಕರ ಹೆಂಡತಿ 'ನಾಗತಿ'. ಆದರೆ ದುರ್ಗದವರು ಅಷ್ಟಕ್ಕೇ ಕೈಚೆಲ್ಲಲಿಲ್ಲ. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ ಜಾನಕಲ್ಲಿನಿಂದ ಹುಡುಗನೊಬ್ಬನನ್ನು ತಂದು ಪಟ್ಟಕ್ಕೆ ಕೂರಿಸಿದರು. ಆಗ ಹಿರಿಯ ನಾಗತಿಯ ಮಾತೇ ನಡೆಯಿತು ಎನ್ನುತ್ತಾರೆ. ತ.ರಾ.ಸು. ಅವರ 'ದುರ್ಗಾಸ್ತಮಾನ' ಆ ಹುಡುಗನ ಕಥೆಯೇ. ಅವನೇ ಕಡೆಯ ಮದಕರಿ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ. ಸೆರೆಯಾದ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಇನ್ನೂರು ವರ್ಷಕ್ಕೂ ಮಿಕ್ಕಿ ನಡೆದ ನಾಯಕತನ ಅಲ್ಲಿಗೆ ಮುಗಿಯಿತು.

ಅದೇ ಹೈದರನ ಕಾಲದ ಓಬವ್ವ ನಾಗತಿಯಲ್ಲ, ಕಾವಲುಗಾರನ ಹೆಂಡತಿ. ಗಂಡ ಕಹಳೆ ಮುದ್ದಹನುಮನ ಹೆಸರಿನ ಮುಂದೆ ಅವನ ಕೆಲಸವಾದರೂ ಇತ್ತು, ಅವಳಿಗೆ ಅದೂ ಇರಲಿಲ್ಲ. ಗಂಡ ಊಟಕ್ಕೆ ಕೂತಾಗ ಕಿಂಡಿಯಲ್ಲಿ ನುಸುಳಿ ಬಂದವರನ್ನು ಬತ್ತ ಕುಟ್ಟುವ ಒನಕೆಯಿಂದಲೇ ಬಡಿದಳು. ಇಂದಿಗೂ ಅವಳು ಒನಕೆ ಓಬವ್ವ! ಯಾವ ದೊರೆಯೂ ಕೊಟ್ಟದ್ದಲ್ಲ, ಯಾರ ಪಾಲಿಗೂ ಬಂದದ್ದಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಮಾಡುತ್ತಿದೆ.

ಬರುವುದಾದರೆ ಬಿಸಿಲೇರುವ ಮೊದಲೇ ಬನ್ನಿ, ಬಂಡೆಗಳು ಬೇಗ ಕಾಯುತ್ತವೆ. ನೀರಿನ ಬಾಟಲಿ, ಒಂದಿಷ್ಟು ಮಂಡಕ್ಕಿ ಜೊತೆಗಿರಲಿ. ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಬನ್ನಿ. ಕಿಂಡಿಯೊಳಗೆ ಬಗ್ಗಿಯೇ ನುಸುಳಬೇಕು.