ಬರೆದ ಕಲ್ಲಿನ ಬೇಟೆ

ಬಚ್ಚಿಟ್ಟುದನ್ನು ಹುಡುಕುವುದರಲ್ಲಿರುವ ಸುಖವು ಬಾಲ್ಯದ ಕಣ್ಣಾಮುಚ್ಚಾಲೆಯೊಡನೆ ಮುಗಿದುಹೋಗುವುದಿಲ್ಲ. ಉಪಗ್ರಹಗಳ ಸಂಕೇತವನ್ನು ಬೇಕೆಂದೇ ಮಸಕುಗೊಳಿಸುತ್ತಿದ್ದ ಪದ್ಧತಿಯನ್ನು ಅಮೆರಿಕಾದ ಸರ್ಕಾರವು 2000ದ ಮೇ ತಿಂಗಳ ಮೊದಲಲ್ಲಿ ಕೈಬಿಟ್ಟಿತು. ಮೇ 3ರಂದೇ ಡೇವ್ ಅಲ್ಮರ್ ಎಂಬಾತನು ಆರೆಗಾನಿನ ಕಾಡಿನಲ್ಲಿ ಒಂದು ಬಕೆಟ್ಟನ್ನಿಟ್ಟು, ಅದರೊಳಗೆ ಕೆಲವು ಸಾಮಾನುಗಳನ್ನೂ ಪುಸ್ತಕ ಪೆನ್ಸಿಲುಗಳನ್ನೂ ಹಾಕಿ, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ಸಾರಿದನು. ಕಂಡುಹಿಡಿದವನು ಒಂದನ್ನು ಕೊಂಡು, ಒಂದನ್ನಿಟ್ಟು, ಹೆಸರು ಬರೆದು ಬರಬೇಕು. 'ಜಿಯೋಕ್ಯಾಷಿಂಗ್' ಎಂಬ ಈ ಆಟವು ಈಗ ದೇಶದೇಶಗಳಲ್ಲಿ ಹಬ್ಬಿದೆ.

ಕನ್ನಡ ನಾಡಿನಲ್ಲಿ ಬಕೆಟ್ಟನ್ನು ಬಚ್ಚಿಡುವ ಶ್ರಮವೇ ಬೇಕಿಲ್ಲ. ಹಿಂದಿನವರು ಕಲ್ಲಿನ ಮೇಲೆ ಬರೆದು ನಿಲ್ಲಿಸಿ ಹೋಗಿದ್ದಾರೆ. ಅವುಗಳಿರುವ ಎಡೆಯನ್ನು ಬಿ. ಎಲ್. ರೈಸರು ಅಚ್ಚು ಹಾಕಿಸಿದ್ದಾರೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು 'ಎಪಿಗ್ರಾಫಿಯ ಕರ್ನಾಟಿಕ'ದ 4ನೆಯ ಸಂಪುಟದಲ್ಲಿ, 1898ರಲ್ಲಿ ಪ್ರಕಟವಾದುವು.

ಆ ಸಂಪುಟದ ಕೆಲವು ಪುಟಗಳನ್ನು ನಕಲು ಮಾಡಿಕೊಂಡು ತರುಣನೊಬ್ಬನು ಮೈಸೂರಿನಿಂದ ರೈಲು ಹತ್ತಿ ಬದನಗುಪ್ಪೆಯ ನಿಲ್ದಾಣದಲ್ಲಿ ಇಳಿದನು. ಒಗಟು ಅಲ್ಲಿಂದಲೇ ಮೊದಲಾಯಿತು. ಗ್ರಂಥದಲ್ಲಿ ಅಕ್ಷಾಂಶವಿಲ್ಲ, ರೇಖಾಂಶವಿಲ್ಲ. ಊರಿನ ಯಾವ ದಿಕ್ಕು, ಯಾವ ಗುಡಿಯ ಮುಂದೆ, ಯಾವ ಕೆರೆಯ ಏರಿ, ಯಾರ ಹೊಲ—ಇಷ್ಟೇ ಗುರುತು. ಆ ಹೊಲದೊಡೆಯರು ತೀರಿ ಎಷ್ಟೋ ತಲೆಮಾರುಗಳಾದುವು. ನೆಲ ಕೈಬದಲಾಯಿತು, ಬದನಗುಪ್ಪೆಯ ಬಯಲಿನಲ್ಲಿಯೇ ಒಂದು ಭಾಗವು ಕೈಗಾರಿಕಾ ಪ್ರದೇಶವಾಗಿದೆ. ಹೆಸರುಗಳನ್ನು ನಂಬುವಂತೆಯೂ ಇಲ್ಲ. ಅರಿಕುಠಾರವೆಲ್ಲಿ ಎಂದು ಕೇಳುತ್ತ ಹೋದವನು ಅರಿಕುಠಾರದಲ್ಲಿಯೇ ನಿಂತು ಕೇಳುತ್ತಿರಬಹುದು. ಅದೇ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರ ಹೆಸರಿಟ್ಟು ಚಾಮರಾಜನಗರವೆಂದರು.

ತರುಣನ ಕೈಯಲ್ಲಿದ್ದ ಫೋನು ಅವನು ನಿಂತ ಎಡೆಯನ್ನು ಕೆಲವೇ ಅಡಿಗಳ ಅಂತರದಲ್ಲಿ ಹೇಳಬಲ್ಲುದು. ಕಲ್ಲೆಲ್ಲಿದೆಯೆಂದು ಮಾತ್ರ ಹೇಳಲಾರದು. ಬಿಸಿಲು ನೆತ್ತಿಗೇರಿದ ಮೇಲೆ, ಹತ್ತಿರದ ಹಳ್ಳಿಯೊಂದರಲ್ಲಿ ಬೇಲಿಯ ಮಗ್ಗುಲಿಗೆ ಕುಳಿತಿದ್ದ ಮುದುಕಿಯನ್ನು ವಿಚಾರಿಸಿದನು.

"ಅಕ್ಸರದ ಕಲ್ಲಾ ಮಗ? ಬಾವಿತವು ಬಟ್ಟ ಒಗಿಯ ಕಲ್ಲದಲ್ಲ, ನೋಡೋಗು."

ಸಾಬೂನಿನ ನೊರೆಯಡಿಯಲ್ಲಿ ನಾಲ್ಕೈದು ಸಾಲುಗಳು ಉಳಿದಿದ್ದುವು. ನಡುವಣ ಸಾಲುಗಳು ಸವೆದು ನುಣ್ಣಗಾಗಿದ್ದುವು.

ಆದರೂ ಒಗೆಯುವವರ ಕೈಗೆ ಸಿಕ್ಕ ಕಲ್ಲು ಪುಣ್ಯ ಮಾಡಿದ್ದೆನ್ನಬೇಕು. ಈ ನಾಡಿನಲ್ಲಿ ಇನ್ನೊಂದು ಬಗೆಯ ಬೇಟೆಗಾರರೂ ಉಂಟು. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕಂಡೊಡನೆ ಅಡಿಯಲ್ಲಿ ಹೊನ್ನಿದೆಯೆಂದು ಬಗೆದು, ರಾತ್ರಿಯಲ್ಲಿ ಅಗೆದು ಉರುಳಿಸಿ ಒಡೆದುಹೋಗುವವರು. ಸೂರ್ಯಚಂದ್ರರಿರುವವರೆಗೂ ದಾನ ನಡೆಯಲಿ ಎಂಬುದಷ್ಟೇ ಆ ಗುರುತಿನ ಅರ್ಥ. ಕೆರೆಗೆ ಬಿಟ್ಟ ಗದ್ದೆಯೋ, ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಹೆಸರೋ ಹೀಗೆ ಚೂರುಚೂರಾಗುತ್ತದೆ. ಅದರ ಪ್ರತಿ ಇನ್ನೆಲ್ಲಿಯೂ ಇರುವುದಿಲ್ಲ. ಬಕೆಟ್ಟು ಕಳೆದರೆ ಅಂಗಡಿಯಲ್ಲಿ ಇನ್ನೊಂದು ಸಿಕ್ಕೀತು.

ಬೆಂಗಳೂರಿನಲ್ಲಿ ಈ ಹುಡುಕಾಟವು ಒಂದು ವ್ಯವಸ್ಥೆಗೆ ಬಂದಿದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ಅಗೆದಾಗ 8ನೆಯ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಿದ್ದಿತು. ಮಿಥಿಕ್ ಸೊಸೈಟಿಯವರು ಸುತ್ತಣ ಶಾಸನಗಳನ್ನು ಯಂತ್ರದಿಂದ ಸ್ಕ್ಯಾನ್ ಮಾಡಿ ಅಕ್ಷರಗಳ ಆಳವನ್ನೂ ಹಿಡಿದಿಡುವ ಕಾರ್ಯವನ್ನು ಕೈಗೊಂಡರು. ಬದನಗುಪ್ಪೆಯ ಕಡೆಗೆ ಬಂದ ತರುಣನ ಬಳಿ ಅಂಥ ಸಲಕರಣೆಯಿರಲಿಲ್ಲ. ಕಲ್ಲಿಗೆ ನೀರು ಹೊಯ್ದು, ಓರೆಬಿಸಿಲಿಗಾಗಿ ಕಾದು, ಉಳಿದ ಸಾಲುಗಳ ಚಿತ್ರ ತೆಗೆದು, ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡನು. ಇನ್ನು ಮೇಲೆ ಇದರ ಮೇಲೆ ಬಟ್ಟೆ ಒಗೆಯಬಾರದೆಂದು ಮುದುಕಿಗೆ ವಿನಯದಿಂದಲೇ ಬಿನ್ನವಿಸಿದನು.

"ಹಂಗಾರ ಒಗಿಯಕ ಬ್ಯಾರೆ ಕಲ್ಲ ತಂದಾಕು" ಎಂದಳು ಆಕೆ.

ಮುಂದಿನ ಭಾನುವಾರ ಅವನು ಚಪ್ಪಡಿಯೊಂದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದನು.