ಎರಡನೆಯ ಹಾರ್ಡ್ ಡಿಸ್ಕಿಗೆ ಜಾಗವಿದ್ದ ಕಾಲ

ಬೆಂಗಳೂರಿನ ಪುರಭವನದ ಸಮೀಪದ ಎಸ್.ಪಿ. ರಸ್ತೆಯನ್ನು 1990ರ ದಶಕದ ಕೊನೆಯಿಂದ ನೋಡುತ್ತ ಬಂದವರಿಗೆ ಅಲ್ಲಿನ ಕಂಪ್ಯೂಟರ್ ವ್ಯಾಪಾರದ ಎರಡು ಮುಖಗಳೂ ಗೊತ್ತು. ಅಂಗಡಿಯ ಮುಂಭಾಗದಲ್ಲಿ ಹೊಸ ಮಾನಿಟರು, ಕೀಬೋರ್ಡು, ಕ್ಯಾಬಿನೆಟ್ಟುಗಳ ರಾಶಿ. ಒಳಗಿನ ಮೇಜಿನ ಮೇಲೆ ಪಕ್ಕದ ತಗಡು ಬಿಚ್ಚಿಟ್ಟ ಹಳೆಯ ಯಂತ್ರಗಳು. ಕಣ್ಣಿಗೆ ಬೀಳುತ್ತಿದ್ದದ್ದು ಹೊಸದರ ಮಾರಾಟ. ಆದರೆ ಗಿರಾಕಿಯನ್ನು ಮತ್ತೆ ಮತ್ತೆ ಅದೇ ಅಂಗಡಿಗೆ ಕರೆತರುತ್ತಿದ್ದದ್ದು ಒಳಗಿನ ಮೇಜಿನ ಕೆಲಸ: ರ‍್ಯಾಮ್ ಹೆಚ್ಚಿಸುವುದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಬದಲಿಸುವುದು, ಇನ್ನೊಂದು ಹಾರ್ಡ್ ಡಿಸ್ಕ್ ಸೇರಿಸುವುದು. ಅಸೆಂಬಲ್ಡ್ ಕಂಪ್ಯೂಟರು ಅಗ್ಗವೆಂಬ ಕಾರಣಕ್ಕೇ ಗೆದ್ದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕೊಂಡ ಮೇಲೂ ಬೆಳೆಸಬಹುದಾದ ಯಂತ್ರವೆಂಬ ನಂಬಿಕೆಯೇ ಆ ವ್ಯಾಪಾರವನ್ನು ಎತ್ತಿ ಹಿಡಿದಿತ್ತು. ಎರಡನೆಯ ಡಿಸ್ಕಿನ ಕತೆಯಲ್ಲಿ ಅದು ಎದ್ದು ಕಾಣುತ್ತದೆ.

ಆ ಕಾಲದಲ್ಲಿ ಎರಡನೆಯ ಡಿಸ್ಕ್ ಸೇರಿಸುವುದು ನಾಲ್ಕು ತಿರುಪು ಬಿಗಿದು ಮುಗಿಸುವ ಕೆಲಸವಾಗಿರಲಿಲ್ಲ. ಐಡಿಇ ಡಿಸ್ಕುಗಳಿಗೆ 40 ಪಿನ್ನಿನ ಅಗಲವಾದ ಪಟ್ಟಿ ಕೇಬಲ್; ಒಂದು ಕೇಬಲ್ಲಿಗೆ ಎರಡೇ ಸಾಧನ. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಹಿಂಬದಿಯ ಪುಟ್ಟ ಜಂಪರಿನಿಂದ ಗೊತ್ತುಮಾಡಬೇಕು. ಎರಡೂ ಮಾಸ್ಟರ್ ಆಗಿದ್ದರೆ ಯಂತ್ರಕ್ಕೆ ಒಂದೂ ಸರಿಯಾಗಿ ಕಾಣದೆ ಹೋಗಬಹುದು. ಕೇಬಲ್ಲಿನ ಕೆಂಪು ಅಂಚು ಒಂದನೆಯ ಪಿನ್ನಿನ ಕಡೆಗಿರಬೇಕು. ಇದಾದ ಮೇಲೆ ಯಂತ್ರವನ್ನು ಆರಂಭಿಸುವ ಬಯಾಸ್‌ನ ಮಿತಿ. ಕೆಲವು ಹಳೆಯ ಮದರ್‌ಬೋರ್ಡುಗಳು 8.4 ಜಿಬಿಗಿಂತ ಹೆಚ್ಚಿನದನ್ನು ಗುರುತಿಸುತ್ತಿರಲಿಲ್ಲ. ಕೆಲವು 32 ಜಿಬಿ ದಾಟಿದ ಡಿಸ್ಕ್ ಕಂಡರೆ ಆರಂಭದಲ್ಲೇ ನಿಂತುಬಿಡುತ್ತಿದ್ದವು. ಅದಕ್ಕೆಂದೇ ಸಾಮರ್ಥ್ಯವನ್ನು ತಗ್ಗಿಸಿ ತೋರಿಸುವ ಜಂಪರ್ ಕೂಡ ಎಷ್ಟೋ ಡಿಸ್ಕುಗಳಲ್ಲಿತ್ತು. ಮುಂದೆ 137 ಜಿಬಿಯ ಗೋಡೆ ಎದುರಾಯಿತು. ಹೊಸ ಬಯಾಸ್ ಇದ್ದರೂ ವಿಂಡೋಸ್ ಎಕ್ಸ್‌ಪಿಯ ಮೊದಲ ಆವೃತ್ತಿ ಅದನ್ನು ದಾಟಲಿಲ್ಲ. 2002ರ ಸರ್ವಿಸ್ ಪ್ಯಾಕ್ ಬೇಕಾಯಿತು. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ವಿಂಡೋಸ್ 98ರ ಡ್ರೈವ್ ಅಕ್ಷರಗಳ ಲೆಕ್ಕ. ಹಳೆಯ ಡಿಸ್ಕಿನಲ್ಲಿ ಸಿ, ಡಿ ಎಂಬ ಎರಡು ಭಾಗಗಳಿದ್ದು, ಹೊಸ ಡಿಸ್ಕಿನಲ್ಲಿ ಪ್ರೈಮರಿ ಭಾಗ ಮಾಡಿದರೆ ಅದು ಡಿ ಆಗಿ ಕೂರುತ್ತಿತ್ತು, ಹಳೆಯ ಡಿ ಹೋಗಿ ಇ ಆಗುತ್ತಿತ್ತು. ಡಿ ಡ್ರೈವನ್ನು ನೆಚ್ಚಿಕೊಂಡಿದ್ದ ತಂತ್ರಾಂಶಗಳು ದಿಕ್ಕು ತಪ್ಪುತ್ತಿದ್ದವು. ಬಲ್ಲ ಮೆಕ್ಯಾನಿಕ್ಕು ಹೊಸ ಡಿಸ್ಕಿನಲ್ಲಿ ಪ್ರೈಮರಿ ಭಾಗವನ್ನೇ ಮಾಡದೆ, ಎಕ್ಸ್‌ಟೆಂಡೆಡ್ ಭಾಗವನ್ನಷ್ಟೇ ಮಾಡಿ ಅಕ್ಷರಗಳನ್ನು ಕಾಪಾಡುತ್ತಿದ್ದ. ಈ ವಿದ್ಯೆ ಹಲವರಿಗೆ ದಕ್ಕಿದ್ದು ಆ ಮೇಜಿನ ಪಕ್ಕದಲ್ಲೇ.

ಇಷ್ಟು ತೊಡಕಿದ್ದೂ ಜನ ಹಳೆಯ ಡಿಸ್ಕನ್ನು ಬಿಸಾಡದೆ ಹೊಸದನ್ನು ಅದರ ಪಕ್ಕಕ್ಕೆ ಕೂರಿಸುತ್ತಿದ್ದರು. ಹೊಸದರ ಬೆಲೆ ಇದಕ್ಕೆ ಒಂದು ಕಾರಣ ಮಾತ್ರ. ಹಳೆಯ ಡಿಸ್ಕಿನಲ್ಲಿ ಕೆಲಸ ಹೊಂದಿಕೊಂಡು ಕೂತಿತ್ತು. ಕನ್ನಡದ ಡಿಟಿಪಿ ಕೇಂದ್ರವನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಸಿದ್ಧವಾದ ಕಡತ ಓದಲು ಆಯಾ ಫಾಂಟೇ ಬೇಕಿತ್ತು. ಅದಿಲ್ಲದ ಕಡೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಮದುವೆಯ ಆಮಂತ್ರಣ, ಸಂಘದ ವಾರ್ಷಿಕ ವರದಿ, ಪಿಎಚ್.ಡಿ. ಪ್ರಬಂಧ ಎಲ್ಲವೂ ಆ ಫಾಂಟು, ಆ ತಂತ್ರಾಂಶ, ಆ ಡ್ರೈವ್ ಅಕ್ಷರದ ಜೊತೆಗೆ ಬೆಸೆದುಕೊಂಡಿದ್ದವು. ಯಂತ್ರ ಬದಲಿಸುವುದೆಂದರೆ ಅದನ್ನೆಲ್ಲ ಮತ್ತೆ ಮೊದಲಿಂದ ಕಟ್ಟುವುದು. ಎರಡನೆಯ ಡಿಸ್ಕ್ ಹಾಕಿದರೆ ಸಂಜೆ ಬಿಚ್ಚಿದ ಯಂತ್ರ ಬೆಳಗ್ಗೆ ಕೆಲಸಕ್ಕೆ ಸಿದ್ಧ. ಹಳೆಯ ಮನೆಗೆ ಕೋಣೆ ಸೇರಿಸಿಕೊಂಡು ಅಲ್ಲೇ ಬಾಳುವ ಸಂಸಾರದ ವಿವೇಕ ಅದರಲ್ಲಿತ್ತು.

ತಂತ್ರಜ್ಞಾನದ ಮಟ್ಟಿಗೆ ನೋಡಿದರೆ ಮುಂದಿನ ದಾರಿ ಸುಲಭವಾಯಿತು. 2003ರ ಹೊತ್ತಿಗೆ ಸಾಟಾ ಬಂತು. ಒಂದು ಡಿಸ್ಕಿಗೆ ಒಂದು ಸಪೂರ ಕೇಬಲ್, ಜಂಪರಿನ ಗೊಡವೆಯಿಲ್ಲ. ಎರಡು ಟಿಬಿಗೂ ಮೀರಿದ ಡಿಸ್ಕುಗಳು ಬಂದಾಗ ಡಿಸ್ಕನ್ನು ಭಾಗ ಮಾಡುವ ಎಂಬಿಆರ್ ವಿಧಾನ ಬಿಟ್ಟು ಜಿಪಿಟಿ ಹಿಡಿಯುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ತಯಾರಕರ ಸಂಖ್ಯೆ ಕುಗ್ಗಿತು: ಕ್ವಾಂಟಮ್‌ನ ಡಿಸ್ಕ್ ವಿಭಾಗ ಮ್ಯಾಕ್ಸ್‌ಟರ್‌ಗೆ ಸೇರಿತು, ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್‌ಗೆ ಸೇರಿತು, ಈಗ ಉಳಿದಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಕಾರ್ಖಾನೆಗಳು ಮುಳುಗಿದಾಗ ಜಗತ್ತಿನೆಲ್ಲೆಡೆ ಬೆಲೆ ಏರಿತು. ಆಮೇಲೆ ಎಸ್‌ಎಸ್‌ಡಿ ಅಗ್ಗವಾಗಿ, ಕ್ರಮವೇ ತಿರುಗಿತು. ಈಗ ಹೊಸದಾಗಿ ಸೇರುವ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಕೂರುತ್ತದೆ, ಹಳೆಯ ಹಾರ್ಡ್ ಡಿಸ್ಕು ಕಡತಗಳ ಉಗ್ರಾಣವಾಗುತ್ತದೆ. ಹತ್ತು ವರ್ಷದ ಡೆಸ್ಕ್‌ಟಾಪಿಗೆ ಇಷ್ಟು ಚೈತನ್ಯ ಕೊಡುವ ಬೇರೆ ಬದಲಾವಣೆ ಇಲ್ಲ. ಆದರೆ ಕೆಲಸ ಸುಲಭವಾದ ಅದೇ ವರ್ಷಗಳಲ್ಲಿ ಅದಕ್ಕೆ ಬೇಕಾದ ಜಾಗ ಕಣ್ಮರೆಯಾಗತೊಡಗಿತು. ಡೆಸ್ಕ್‌ಟಾಪಿನ ಬದಲು ಲ್ಯಾಪ್‌ಟಾಪ್ ಬಂತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿದರು. ಅಂಥ ಯಂತ್ರದ ಎದುರು ಎಸ್.ಪಿ. ರಸ್ತೆಯ ಜಾಣ ಕೈಗೂ ಮಾಡಲು ಏನೂ ಉಳಿಯುವುದಿಲ್ಲ.

ಇನ್ನೊಂದು ಡಿಸ್ಕಿಗೆ ಜಾಗ ಬೇಕೆಂಬ ಮಾತಿಗೆ ಆಕ್ಷೇಪಗಳಿವೆ, ಅವುಗಳಲ್ಲಿ ಹುರುಳೂ ಇದೆ. ಕ್ಲೌಡ್ ಇರುವಾಗ ಇನ್ನೊಂದು ಡಿಸ್ಕೇಕೆ ಎನ್ನುತ್ತಾರೆ. ದಾಖಲೆಗಳ ಮಟ್ಟಿಗೆ ಅದು ಸರಿ. ಆದರೆ ಮದುವೆ ವಿಡಿಯೊ ಮಾಡುವವರಿಗೂ ಪುಸ್ತಕ ಮುದ್ರಿಸುವವರಿಗೂ ನೂರಾರು ಜಿಬಿ ಕಡತಗಳನ್ನು ಹಳ್ಳಿಯ ಇಂಟರ್ನೆಟ್ಟಿನಲ್ಲಿ ಏರಿಸಿ ಇಳಿಸುವುದು ಆಗದ ಮಾತು, ತಿಂಗಳ ಬಾಡಿಗೆಯೂ ತಪ್ಪುವುದಿಲ್ಲ. ಒಂದೇ ಪೆಟ್ಟಿಗೆಯ ಎರಡು ಡಿಸ್ಕು ಭದ್ರತೆಯಲ್ಲ ಎಂಬುದು ಇನ್ನೊಂದು ಮಾತು. ಇದನ್ನು ಪೂರ್ತಿ ಒಪ್ಪಬೇಕು. ಸಿಡಿಲು ಬಡಿದರೆ, ಎಸ್‌ಎಂಪಿಎಸ್ ಕೆಟ್ಟರೆ, ಕಳ್ಳತನವಾದರೆ ಎರಡೂ ಒಟ್ಟಿಗೆ ಹೋಗಬಹುದು. ಬೇರೆಡೆ ಮೂರನೆಯ ಪ್ರತಿ ಇರಲೇಬೇಕು. ಆದರೂ ಒಂದು ಡಿಸ್ಕು ತಾನಾಗಿ ಸತ್ತಾಗ ಇನ್ನೊಂದರಲ್ಲಿಟ್ಟ ಪ್ರತಿ ಉಳಿಯುತ್ತದೆ, ಮತ್ತು ಡಿಸ್ಕುಗಳು ಸಾಯುವುದು ಅಪರೂಪವೇನಲ್ಲ. ಹಳೆಯ ಯಂತ್ರಕ್ಕೆ ತೇಪೆ ಹಾಕುವುದು ದುಡ್ಡಿನ ಪೋಲು ಎಂಬ ಮೂರನೆಯ ಆಕ್ಷೇಪ ಮದರ್‌ಬೋರ್ಡೇ ಸೋತ ಯಂತ್ರಕ್ಕೆ ಸಲ್ಲುತ್ತದೆ. ಪತ್ರ ಬರೆಯಲು, ಲೆಕ್ಕ ಇಡಲು, ಪುಟ ಕಟ್ಟಲು ಸಾಕಾಗುವ ಯಂತ್ರವನ್ನು ಜಾಗ ಸಾಲದೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದೇ ನಿಜವಾದ ಪೋಲು. ದೇಶದಲ್ಲಿ ಇ-ತ್ಯಾಜ್ಯಕ್ಕೆ 2011ರಲ್ಲಿ ಪ್ರತ್ಯೇಕ ನಿಯಮಗಳೇ ಬಂದವು. ಅವು ಕೆಲಸ ಮಾಡಲು ತೊಡಗುವುದು ಯಂತ್ರ ತ್ಯಾಜ್ಯವಾದ ಮೇಲೆ. ಅದಕ್ಕೂ ಮೊದಲಿನ ಹೆಜ್ಜೆ ಯಂತ್ರದ ಆಯುಷ್ಯ ಹೆಚ್ಚಿಸುವುದು.

ಹಾಗಾಗಿ ನನ್ನ ಕಾಳಜಿ ಒಂದು ಬೀದಿಯ ವ್ಯಾಪಾರಕ್ಕಷ್ಟೇ ಸೀಮಿತವಲ್ಲ. ಜಂಪರು, ಪಟ್ಟಿ ಕೇಬಲ್ಲುಗಳು ಹೋದದ್ದಕ್ಕೆ ಕೊರಗುವ ಅಗತ್ಯವಿಲ್ಲ. ಅವು ಹೋದದ್ದು ಒಳ್ಳೆಯದೇ. ಉಳಿಯಬೇಕಾದದ್ದು ಬಿಚ್ಚಲು ಬರುವ ತಗಡು, ಖಾಲಿ ಕೊಂಡಿ, ಯಾವ ಕಂಪನಿಯ ಡಿಸ್ಕಾದರೂ ಹೊಂದುವ ಸಮಾನ ಅಳತೆ. ಶಾಲೆ, ಗ್ರಂಥಾಲಯ, ಪಂಚಾಯಿತಿ ಕಚೇರಿಗಳಿಗೆ ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ವೇಗ, ಬೆಲೆಗಳ ಜೊತೆಗೆ ‘ಇನ್ನೊಂದು ಡಿಸ್ಕ್ ಸೇರಿಸಲು ಅವಕಾಶವಿರಬೇಕು’ ಎಂಬ ಒಂದು ಸಾಲು ಸೇರಿಸಿದರೆ ಖರ್ಚು ಹೆಚ್ಚೇನೂ ಆಗದು. ಐದಾರು ವರ್ಷ ಕಳೆದ ಮೇಲೆ ಅದೇ ಸಾಲು ಹೊಸ ಖರೀದಿಯನ್ನು ಮುಂದೂಡುತ್ತದೆ, ಊರಿನ ಒಬ್ಬ ಮೆಕ್ಯಾನಿಕ್ಕಿಗೆ ಕೆಲಸವನ್ನೂ ಕೊಡುತ್ತದೆ.