ಬೆನ್ನು ಮಾತ್ರ ಬಂದ ಫೋಟೋ

ಜನವರಿಯ ಒಂದು ಶನಿವಾರ ನಾರ್ವಿಚ್‌ನ ಹಾಸ್ಟೆಲಿನಿಂದ ಕ್ಯಾಮೆರಾ ಹೊತ್ತು ನಾರ್ಫೋಕ್ ಬ್ರಾಡ್ಸ್‌ಗೆ ಹೋಗಿದ್ದೆ. ಪಿ.ಎಚ್. ಎಮರ್ಸನ್ ತನ್ನ 1886ರ ಪುಸ್ತಕಕ್ಕಾಗಿ ಇಲ್ಲಿ ತೆಗೆದ 40 ಛಾಯಾಚಿತ್ರಗಳೇ ನನ್ನ ಸಂಶೋಧನೆಯ ವಿಷಯ. ಸ್ಟುಡಿಯೋ ಪರದೆ ಬೇಡ, ಹಳ್ಳಿಯವರನ್ನು ಅವರ ನೆಲದಲ್ಲೇ ತೆಗೆಯಬೇಕು ಎಂದು ಹಟ ಹಿಡಿದವನು ಆತ. (ಹಾಗೆಂದು ಅವರನ್ನು ಬೇಕಾದಂತೆ ನಿಲ್ಲಿಸಿಕೊಳ್ಳದೆ ಬಿಡಲಿಲ್ಲ.) 'ಜವುಗಿನಿಂದ ಮನೆಗೆ', 'ಜೊಂಡು ಒಟ್ಟುವುದು': ಇಂಥ ಶೀರ್ಷಿಕೆಗಳಲ್ಲಿ ಕೆಲಸವಿದೆ, ಮನುಷ್ಯರ ಹೆಸರಿಲ್ಲ. ನಾನಾದರೂ ಮೊದಲ ಅಧ್ಯಾಯದಲ್ಲಿ 'ಅಪ್ಪಟ ಪ್ರಕೃತಿ' ಎಂದು ಬರೆದುಬಿಟ್ಟಿದ್ದೆ. ತಪ್ಪು. ಈ ಕೆರೆಗಳೆಲ್ಲ ಮಧ್ಯಯುಗದ ಜನ ಉರುವಲಿಗೆಂದು ಪೀಟ್ ಅಗೆದು ಬಿಟ್ಟ ಗುಂಡಿಗಳು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ನೆಲ ಕೊರೆದು ನೋಡುವವರೆಗೂ ಇವು ತಾವಾಗಿಯೇ ಆದವೆಂದೇ ಬಹಳಷ್ಟು ಜನ ನಂಬಿದ್ದರು.

ಅಂದು ಜವುಗಿನಲ್ಲಿ ಒಬ್ಬರು ಮಾಡಿಗೆ ಹೊದಿಸುವ ಜೊಂಡು ಕೊಯ್ದು ಕಟ್ಟು ಕಟ್ಟುತ್ತಿದ್ದರು. ದೂರದಿಂದಲೇ ಮೂರು ಸಲ ಕ್ಲಿಕ್ಕಿಸಿದೆ. ತಲೆಯೆತ್ತಿ, "ಬರೀ ಬೆನ್ನು ಸಿಕ್ಕಿತೇ?" ಎಂದು ನಕ್ಕರು.

ಮಲೆನಾಡಿನ ನಮ್ಮ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಅಮ್ಮನ ಫೋಟೋವನ್ನೂ ಹೀಗೇ ಯಾರೋ ಕಾರು ನಿಲ್ಲಿಸಿ ತೆಗೆದುಕೊಂಡು ಹೋಗಿದ್ದರು. ನಾವದನ್ನು ನೋಡಲೇ ಇಲ್ಲ. "ಸೀರೆ ಎತ್ತಿ ಕಟ್ಟಿದ್ದೆ, ಹಾಗೇ ಬಂದಿರುತ್ತೇನೋ" ಎಂದು ಅಮ್ಮ ಬಹಳ ದಿನ ಹೇಳುತ್ತಿದ್ದಳು.

ಬೂಟಿಗೆ ನೀರು ನುಗ್ಗಿದರೂ ಹತ್ತಿರ ಹೋಗಿ ಹೆಸರು, ವಿಳಾಸ ಬರೆದುಕೊಂಡೆ. ಮೊನ್ನೆ ಪ್ರಿಂಟ್ ಕಳಿಸಿದೆ. ಮೂರರಲ್ಲಿ ಎರಡು ಬೆನ್ನಿನವೇ.